ಟೆರಿಡೊಫೈಟ್‌ನ ‘ಪಿ’ ಎಲ್ಲಿ ಹೋಯಿತು?

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಮೊದಲ ಪಿಯುಸಿ ಸೈನ್ಸ್ ಸೇರಿದ್ದೇನೆ. ಹೋದ ವಾರ ಬಯಾಲಜಿ ಪಾಠವನ್ನು ಗಟ್ಟಿಯಾಗಿ ಓದಲು ಹೇಳಿದರು. ‘ಪ್ಟೆರಿಡೊಫೈಟಾ’ ಎಂದು ಓದಿದೆ. ಇಡೀ ಕ್ಲಾಸು ನಕ್ಕಿತು. ಮುಂದಿನ ಸಾಲಿನಲ್ಲಿ ‘ಆರ್ಚಿಗೋನಿಯಂ’ ಅಂದೆ. ಇನ್ನೂ ಜಾಸ್ತಿ ನಕ್ಕರು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಗುಲಾಬಿ ಬಣ್ಣ ಬರಿಸುವ ಇಂಡಿಕೇಟರ್ ಬೇಕಾದರೆ ಬಾಟಲಿ ಕಡೆ ಕೈ ತೋರಿಸುತ್ತೇನೆ, ಹೆಸರು ಹೇಳುವ ಧೈರ್ಯ ಇಲ್ಲ. ಇಂಥ ಪದಗಳ ಉಚ್ಚಾರ ಮತ್ತು ಅರ್ಥದ ಪಟ್ಟಿ ಕೊಡುತ್ತೀರಾ? ಬಾಯಿಪಾಠ ಮಾಡುತ್ತೇನೆ.

ಉತ್ತರ: ನನ್ನದೂ ಕನ್ನಡ ಮಾಧ್ಯಮವೇ. ಬಿ.ಎಸ್‌ಸಿ. ಮೊದಲ ವರ್ಷದ ವೈವಾದಲ್ಲಿ ಎರೆಹುಳುವಿನ ಬಗ್ಗೆ ಕೇಳಿದಾಗ ‘ಕೋಯೆಲೋಮ್’ ಅಂದಿದ್ದೆ. ಪರೀಕ್ಷಕರು ಕನ್ನಡಕ ಕೆಳಗಿಳಿಸಿ, “ಏನಪ್ಪಾ ಅದು, ಕೋಯಲ್ ಹಕ್ಕಿಯಾ?” ಅಂದರು. ಅದು ಸೀಲೋಮ್. ಪ್ರಾಣಿಯ ದೇಹದ ಗೋಡೆಗೂ ಕರುಳಿಗೂ ನಡುವೆ ಇರುವ ಟೊಳ್ಳು. ಅದರ ಅರ್ಥ, ಚಿತ್ರ, ಕೆಲಸ ಎಲ್ಲ ನನಗೆ ಗೊತ್ತಿತ್ತು. ಹೆಸರು ಮಾತ್ರ ಅವತ್ತಿನವರೆಗೂ ಯಾರ ಬಾಯಿಂದಲೂ ಕೇಳಿರಲಿಲ್ಲ. ಆಮೇಲೆ ಎಷ್ಟೋ ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದೆ. ಆದರೂ ಸೀಲೋಮ್ ಅನ್ನುವಾಗ ನಾಲಿಗೆ ಈಗಲೂ ಒಂದು ಕ್ಷಣ ತಡೆಯುತ್ತದೆ.

ಅದಕ್ಕೇ ಪಟ್ಟಿ ಕೊಡುವುದಿಲ್ಲ. ನೂರು ಪದ ಬಾಯಿಪಾಠ ಮಾಡಿದರೆ ನೂರಾ ಒಂದನೆಯದರ ಮುಂದೆ ಮತ್ತೆ ಹಾಗೇ ನಿಲ್ಲುತ್ತೀರಿ. ನಿಮ್ಮನ್ನು ಎಡವಿಸಿದ ಪದಗಳನ್ನೇ ಬಿಡಿಸಿ ನೋಡೋಣ.

ಮೊದಲು ಆ ‘ಪ್ಟೆ’. ಅದನ್ನು ಕೇಳಿ ನಕ್ಕವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಪದ ಹುಟ್ಟಿದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿ ಆ ‘ಪ್’ ಅನ್ನು ನೀವು ಹೇಳಿದ ಹಾಗೆಯೇ ಹೇಳುತ್ತಿದ್ದರು. ಇಂಗ್ಲಿಷಿನವರಿಗೆ ಪದದ ಶುರುವಿನಲ್ಲಿ ಪ್ಟ, ಪ್ಸ, ಪ್ನ, ಮ್ನ ಹೊರಡುವುದಿಲ್ಲ. ಕೊನೆಯಲ್ಲಾದರೆ ಸಲೀಸು: ‘ಕೆಪ್ಟ್’, ‘ಕಪ್ಸ್’ ಅನ್ನುತ್ತಾರಲ್ಲ. ಶುರುವಿನಲ್ಲಿ ಬಂದರೆ ಮೊದಲ ವ್ಯಂಜನವನ್ನು ನುಂಗಿಬಿಡುತ್ತಾರೆ. ಆದರೆ ಬರೆಯುವಾಗ ಬಿಡುವುದಿಲ್ಲ. ಜರ್ಮನ್ನರೂ ಫ್ರೆಂಚರೂ ಹೀಗೆ ನುಂಗುವುದಿಲ್ಲ. ಸೈಕಾಲಜಿ ಎಂಬ ಪದದ ಮೊದಲ ‘ಪ್’ ಅವರ ಬಾಯಲ್ಲಿ ಇವತ್ತಿಗೂ ಕೇಳುತ್ತದೆ.

ಹಾಗಾಗಿ ಇಂಗ್ಲಿಷ್ ಕ್ಲಾಸಿನಲ್ಲಿ ಅದು ಟೆರಿಡೊಫೈಟ್, ಅಂದರೆ ಜರೀಗಿಡ ಮತ್ತು ಅದರ ಬಳಗ. ಇದೇ ಲೆಕ್ಕದಲ್ಲಿ ಸೊರಾಯಸಿಸ್, ನ್ಯುಮೋನಿಯಾ, ನೆಮೊನಿಕ್. ಈ ನೆಮೊನಿಕ್ ಅಂದರೆ ನೆನಪಿಡುವ ಸೂತ್ರ, ಕಾಮನಬಿಲ್ಲಿನ ಬಣ್ಣಗಳಿಗೆ ‘ವಿಬ್ಜಿಯಾರ್’ ಅನ್ನುತ್ತೀರಲ್ಲ, ಅಂಥದ್ದು. ಬರೆಯುವಾಗ ಅದು ‘ಎಂ’ನಿಂದ ಶುರುವಾಗುತ್ತದೆ.

ನುಂಗಿದ ಅಕ್ಷರ ಸತ್ತುಹೋಗಿಲ್ಲ. ಅದಕ್ಕಿಂತ ಮೊದಲು ಒಂದು ಸ್ವರ ಬಂದರೆ ಸಾಕು, ಎದ್ದು ಕೂರುತ್ತದೆ. ನೆಮೊನಿಕ್‌ನಲ್ಲಿ ಕೇಳದ ‘ಮ್’ ಅಮ್ನೀಷಿಯಾದಲ್ಲಿ ಕೇಳುತ್ತದೆ: ‘ಅ’ ಅಂದರೆ ಇಲ್ಲ, ಉಳಿದದ್ದು ನೆನಪು. ಗೊರಕೆ ಹೊಡೆಯುವವರ ಉಸಿರು ನಿದ್ದೆಯಲ್ಲಿ ನಿಲ್ಲುವ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ನ್ಯುಮೋನಿಯಾದಲ್ಲಿ ಬಾಯಿ ಮುಚ್ಚಿಕೊಂಡಿದ್ದ ‘ಪ್’ ಅಲ್ಲಿ ಮಾತಾಡುತ್ತದೆ.

ನಿಮ್ಮ ‘ಪ್ಟೆ’ ಇನ್ನೂ ಮಜಾ. ನಿಮ್ಮ ಕ್ಲಾಸಿನವರೆಲ್ಲ ಅದನ್ನು ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದಾರೆ. ಹೆಲಿಕಾಪ್ಟರ್! ನಾವೆಲ್ಲ ಅದನ್ನು ‘ಹೆಲಿ-ಕಾಪ್ಟರ್’ ಎಂದು ಒಡೆಯುತ್ತೇವೆ. ಹೆಲಿಪ್ಯಾಡ್ ಎಂಬ ಪದ ಹುಟ್ಟಿದ್ದೂ ಹೀಗೆ ಒಡೆದದ್ದರಿಂದಲೇ. ನಿಜವಾಗಿ ಅದು ‘ಹೆಲಿಕೊ-ಪ್ಟರ್’. ಹೆಲಿಕ್ಸ್ ಅಂದರೆ ಸುರುಳಿ, ಪ್ಟೆರಾನ್ ಅಂದರೆ ರೆಕ್ಕೆ. 1861ರಲ್ಲಿ ಫ್ರಾನ್ಸಿನ ಪೊಂತೊ ದಾಮೆಕೂರ್ ಎಂಬಾತ ಕಟ್ಟಿದ ಪದ ಇದು. ನೊಣ ಸೊಳ್ಳೆಗಳ ಗುಂಪು ಡಿಪ್ಟೆರಾ, ಎರಡು ರೆಕ್ಕೆಯವು. ಅಲ್ಲೂ ‘ಪ್’ ಕೇಳುತ್ತದೆ. ಹಳೇ ಕಾಲದ ಹಾರುವ ಸರೀಸೃಪ ಟೆರೊಡ್ಯಾಕ್ಟೈಲ್‌ನಲ್ಲಿ ಕೇಳುವುದಿಲ್ಲ, ಯಾಕೆಂದರೆ ಅಲ್ಲಿ ಅದು ಶುರುವಿನಲ್ಲಿದೆ. ಅದರ ಅರ್ಥ ರೆಕ್ಕೆಬೆರಳು.

ಜರೀಗಿಡಕ್ಕೂ ರೆಕ್ಕೆಗೂ ಏನು ಸಂಬಂಧ? ಮಲೆನಾಡಿನ ಯಾವುದಾದರೂ ತೊರೆಯ ಪಕ್ಕ ನಿಂತು ಜರೀಗಿಡದ ಎಲೆ ನೋಡಿ. ನಡುವೆ ಒಂದು ದಂಟು, ಎರಡೂ ಕಡೆ ಒತ್ತಾಗಿ ಸಣ್ಣ ಸಣ್ಣ ಎಲೆ. ಥೇಟ್ ಹಕ್ಕಿಗರಿ. ಗ್ರೀಕರು ಆ ಗಿಡವನ್ನು ‘ಪ್ಟೆರಿಸ್’ ಎಂದು ಕರೆದರು. ‘ಫೈಟ್’ ಅಂದರೆ ಗಿಡ. ಅಲ್ಲಿಗೆ ಅರ್ಥವೂ ಸಿಕ್ಕಿತು: ಗರಿಯಂಥ ಗಿಡ.

ಇಲ್ಲಿಂದ ಮುಂದೆ ಕನ್ನಡ ಮಾಧ್ಯಮದವರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲ ಇದೆ. ನಮ್ಮ ಶಾಲೆಯ ವಿಜ್ಞಾನದ ಪದಗಳಲ್ಲಿ ಮುಕ್ಕಾಲು ಪಾಲು ಸಂಸ್ಕೃತದಿಂದ ತಂದವು. ಸಂಸ್ಕೃತ, ಗ್ರೀಕ್ ಎರಡೂ ಒಂದೇ ಹಳೆಯ ಮನೆತನದ ಭಾಷೆಗಳು. ಆ ಪ್ಟೆರಾನ್‌ಗೆ ಸಂಸ್ಕೃತದಲ್ಲಿ ಒಬ್ಬ ನೆಂಟ ಇದ್ದಾನೆ: ‘ಪತ್ರ’. ಪತ್ರ ಅಂದರೆ ಎಲೆ ಎಂಬುದು ನಿಮಗೆ ಗೊತ್ತು. ರೆಕ್ಕೆ, ಗರಿ ಎಂಬ ಅರ್ಥವೂ ಅದಕ್ಕಿದೆ. ಹಾರು, ಬೀಳು ಎಂಬ ಅರ್ಥದ ‘ಪತ್’ ಧಾತುವಿನಿಂದ ಬಂದದ್ದು. ಹಕ್ಕಿಗೆ ‘ಪತತ್ರಿ’ ಎಂದು ಹಳೆಯ ಕಾವ್ಯಗಳಲ್ಲಿ ನೋಡುತ್ತೀರಿ. ಅಂದರೆ ಕ್ಲಾಸು ನಕ್ಕ ಆ ‘ಪ್’, ಪತ್ರದ ‘ಪ’.

ಒಂದು ಎಚ್ಚರಿಕೆ. ಇದನ್ನು ಹಿಡಿದುಕೊಂಡು ‘ಗ್ರೀಕರು ನಮ್ಮಿಂದ ಕದ್ದರು’ ಎಂದು ವಾಟ್ಸಾಪಿನಲ್ಲಿ ಹಾಕಬೇಡಿ. ಇದು ಅಪ್ಪ-ಮಗನ ಸಂಬಂಧ ಅಲ್ಲ, ದಾಯಾದಿಗಳ ಸಂಬಂಧ. ಕನ್ನಡವಂತೂ ಬೇರೆಯೇ ಮನೆತನದ ಭಾಷೆ, ಈ ಪದಗಳನ್ನು ಸಾಲ ತಂದದ್ದು. ಸುಮ್ನೆ ಹೋಲುವ ಪದಗಳೂ ಇರುತ್ತವೆ. ಬಾವಲಿಗಳ ಗುಂಪಿಗೆ ಕೈರಾಪ್ಟೆರಾ ಎಂದು ಹೆಸರು, ಕೈಯೇ ರೆಕ್ಕೆಯಾದವು. ಗ್ರೀಕಿನಲ್ಲಿ ‘ಖೇಯ್ರ್’ ಅಂದರೆ ಕೈ. ಕೆಮಿಸ್ಟ್ರಿಯಲ್ಲಿ ಎಡಗೈ ಬಲಗೈ ಥರ ಕನ್ನಡಿ ಬಿಂಬವಾಗಿರುವ ಅಣುಗಳನ್ನು ಕೈರಲ್ ಅನ್ನುವುದೂ ಇದರಿಂದಲೇ. ಆ ಕೈಗೂ ನಮ್ಮ ಅಚ್ಚಗನ್ನಡ ‘ಕೈ’ಗೂ ಯಾವ ನಂಟೂ ಇಲ್ಲ, ಕಾಕತಾಳೀಯ. ಆದರೆ ನೆನಪಿಡಲು ಇದಕ್ಕಿಂತ ಒಳ್ಳೆಯ ದಾರಿ ಇನ್ನೇನು ಬೇಕು?

ಈಗ ನಿಮ್ಮ ‘ಆರ್ಚಿಗೋನಿಯಂ’. ಹೇಳಬೇಕಾದ್ದು ಆರ್ಕಿಗೋನಿಯಂ. ಗ್ರೀಕಿನಿಂದ ಬಂದ ಪದದಲ್ಲಿ ‘ಸಿಎಚ್’ ಕಂಡರೆ ಅದು ಚ ಅಲ್ಲ, ಕ. ಕ್ರೋಮೊಸೋಮ್, ಕ್ಲೋರೊಫಿಲ್, ಮೈಟೊಕಾಂಡ್ರಿಯಾ ಎಂದು ನೀವು ಆಗಲೇ ಸರಿಯಾಗಿ ಹೇಳುತ್ತಿದ್ದೀರಿ. ಅದನ್ನೇ ಕೈಟಿನ್ (ಕೀಟಗಳ ಗಟ್ಟಿ ಕವಚ), ಕೈಮ್ (ಹೊಟ್ಟೆಯಲ್ಲಿ ಅರ್ಧ ಜೀರ್ಣವಾದ ಗಂಜಿ), ಟ್ರೇಕಿಯಾ (ಶ್ವಾಸನಾಳ), ಕಾಕ್ಲಿಯಾ (ಒಳಕಿವಿಯ ಸುರುಳಿ) ಪದಗಳಿಗೂ ಹಚ್ಚಿ.

ಯಾಕೆ ಹೀಗೆ? ಇದನ್ನು ಇಂಗ್ಲಿಷ್ ಮಾಧ್ಯಮದ ಮಗುವಿಗೆ ವಿವರಿಸುವುದು ಕಷ್ಟ. ನಿಮಗೆ ಎರಡೇ ನಿಮಿಷ ಸಾಕು, ಯಾಕೆಂದರೆ ನಿಮಗೆ ವರ್ಣಮಾಲೆ ಗೊತ್ತು. ಹಳೆಯ ಗ್ರೀಕಿನಲ್ಲಿ ಕ, ತ, ಪ ಇದ್ದವು. ಅವುಗಳ ಜೊತೆಗೆ ಖ, ಥ, ಫ ಕೂಡ ಇದ್ದವು. ಹೌದು, ನಮ್ಮ ಮಹಾಪ್ರಾಣಗಳೇ. ರೋಮನ್ನರ ಲಿಪಿಯಲ್ಲಿ ಅವಕ್ಕೆ ಅಕ್ಷರ ಇರಲಿಲ್ಲ. ಅವರು ಅಲ್ಪಪ್ರಾಣದ ಅಕ್ಷರ ಬರೆದು ಪಕ್ಕದಲ್ಲಿ ಒಂದು ‘ಎಚ್’ ಇಟ್ಟರು. ನಾವು ಇವತ್ತು ಕನ್ನಡದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಖ, ಫ ಬಂದರೆ ‘ಎಚ್’ ಸೇರಿಸುವುದಿಲ್ವಾ, ಅದೇ ಉಪಾಯ. ಆ ‘ಸಿಎಚ್’ ಮೂಲದಲ್ಲಿ ಖ. ಇಂಗ್ಲಿಷಿಗೆ ಖ ಬೇಡವಾಯಿತು, ಕ ಉಳಿಯಿತು. ‘ಪಿಎಚ್’ ಮೂಲದಲ್ಲಿ ನಮ್ಮ ಫ. ಕಾಲ ಕಳೆದಂತೆ ಗ್ರೀಕರ ಬಾಯಲ್ಲೇ ಅದು ಮೇಲಿನ ಹಲ್ಲಿಗೆ ಕೆಳತುಟಿ ತಾಗಿಸಿ ಊದುವ ‘ಎಫ್’ ಆಯಿತು. ನಂಬಿಕೆ ಬರಲಿಲ್ಲ ಅಂದರೆ ನಿಮ್ಮ ಗೆಳತಿಯರಿಂದ ‘ಫಲ’ ಅನ್ನಿಸಿ ಕೇಳಿ. ಅರ್ಧಕ್ಕರ್ಧ ಜನ ‘ಎಫ್’ ಹಾಕುತ್ತಾರೆ. ಗ್ರೀಕಿನಲ್ಲಿ ಆದದ್ದೇ ಈಗ ನಮ್ಮಲ್ಲಿ ನಡೆಯುತ್ತಿದೆ.

ಆರ್ಕಿಗೋನಿಯಂ ಅರ್ಥ ಬಿಟ್ಟೆ. ‘ಆರ್ಕೆ’ ಅಂದರೆ ಆದಿ, ‘ಗೋನ್’ ಅಂದರೆ ಹುಟ್ಟು. ಹಾವಸೆ, ಜರೀಗಿಡಗಳಲ್ಲಿ ಅಂಡಾಣು ಇರುವ ಪುಟ್ಟ ಹೂಜಿಯಂಥ ಅಂಗ. ಈ ಗೋನ್, ಜೆನ್, ಜೀನ್ ಎಲ್ಲ ಒಂದೇ ಬಳ್ಳಿ. ಅದರ ಸಂಸ್ಕೃತ ಕವಲು ಜನನ, ಜನಕ. ಆಕ್ಸಿಜನ್‌ಗೆ ಕನ್ನಡದಲ್ಲಿ ಆಮ್ಲಜನಕ ಅನ್ನುತ್ತೇವಲ್ಲ, ಅಲ್ಲಿ ‘ಜೆನ್’ ಮತ್ತು ‘ಜನಕ’ ಅನುವಾದ ಮಾತ್ರ ಅಲ್ಲ, ರಕ್ತಸಂಬಂಧಿಗಳು. ಹೈಡ್ರೋಜನ್ ಜಲಜನಕ, ಅಲ್ಲೂ ಅದೇ.

ಹೇಳುತ್ತಾ ಹೋದರೆ, ಆಮ್ಲಜನಕ ಎಂಬ ಹೆಸರೇ ತಪ್ಪು. ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವಾಸಿಯೇ 1770ರ ದಶಕದಲ್ಲಿ ಆ ಹೆಸರು ಇಟ್ಟಾಗ ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದೆ, ಆಮ್ಲ ಹುಟ್ಟುವುದೇ ಇದರಿಂದ ಎಂದು ನಂಬಿದ್ದ. 1810ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಅದನ್ನು ಬುಡಮೇಲು ಮಾಡಿದ. ನಿಮ್ಮ ಲ್ಯಾಬಿನ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಇಲ್ಲವೇ ಇಲ್ಲ. ಆದರೆ ಹೆಸರು ಅಂಟಿಕೊಂಡಿತ್ತು. ನಾವು ಕನ್ನಡಕ್ಕೆ ತರುವಾಗ ತಪ್ಪನ್ನೂ ನಿಷ್ಠೆಯಿಂದ ಅನುವಾದ ಮಾಡಿದೆವು. ಹೀಗಾಗಿ ಪದ ಬಿಡಿಸಿದರೆ ಸಿಗುವುದು ಹೆಸರಿಟ್ಟವರ ತಲೆಯಲ್ಲಿ ಅವತ್ತು ಇದ್ದ ಅರ್ಥ. ಇವತ್ತಿನ ವಿಜ್ಞಾನ ಅದಕ್ಕೆ ಹೊಂದಲೇಬೇಕು ಅಂತೇನಿಲ್ಲ.

ಪತ್ರಹರಿತ್ತು, ಅಂದರೆ ಕ್ಲೋರೊಫಿಲ್, ನೋಡಿ. ‘ಕ್ಲೋರೊ’ ಹಸಿರು, ‘ಫಿಲ್’ ಎಲೆ. ಕ್ಲೋರೊ ಮತ್ತು ಹರಿತ್ ಕೂಡ ನೆಂಟರೇ. ಡೇವಿ ಹಳದಿ-ಹಸಿರು ಅನಿಲ ನೋಡಿ ಕ್ಲೋರಿನ್ ಎಂದು ಹೆಸರಿಟ್ಟದ್ದು ಅದೇ ಪದದಿಂದ.

ಬರೆದಂತೆ ಓದದ ರೋಗ ಇಂಗ್ಲಿಷಿನದು ಮಾತ್ರ ಅಂದುಕೊಳ್ಳಬೇಡಿ. ‘ವಿಜ್ಞಾನ’ ಎಂಬ ಪದವನ್ನೇ ಗಟ್ಟಿಯಾಗಿ ಹೇಳಿ. ಬರೆಯುವುದು ಜ, ಅದರ ಕೆಳಗೆ ಞ. ಹೇಳುವುದು? ‘ವಿಗ್ನಾನ’ ಅಲ್ವಾ? ಹಿಂದಿಯವರು ‘ವಿಗ್ಯಾನ್’ ಅನ್ನುತ್ತಾರೆ, ಮರಾಠಿಯವರು ‘ವಿದ್ನ್ಯಾನ್’. ಚಿಹ್ನೆಯನ್ನು ‘ಚಿನ್ಹೆ’ ಅನ್ನುತ್ತೇವೆ, ಬ್ರಹ್ಮನನ್ನು ‘ಬ್ರಮ್ಹ’. ಯಾರೂ ನಗುವುದಿಲ್ಲ, ಯಾಕೆಂದರೆ ಎಲ್ಲರೂ ಕೂಡಿ ಮಾಡುವ ತಪ್ಪು. ಆ ಜ್ಞಾನದ ಗ್ರೀಕ್ ನೆಂಟ ‘ಗ್ನೋಸಿಸ್’. ಡಾಕ್ಟರ ಡಯಾಗ್ನೋಸಿಸ್‌ನಲ್ಲಿ, ಪ್ರಾಗ್ನೋಸಿಸ್‌ನಲ್ಲಿ ಇರುವುದು ಅದೇ. ನಮ್ಮ ಬಾಯಲ್ಲಿ ಜ್ಞ ‘ಗ್ನ’ ಆಗಿ, ಆಕಸ್ಮಿಕವಾಗಿ ಗ್ರೀಕಿನ ಪಕ್ಕಕ್ಕೆ ಹೋಗಿ ನಿಂತಿದೆ. ಇನ್ನೊಬ್ಬ ನೆಂಟ ಇಂಗ್ಲಿಷಿನ ‘ನೋ’, ತಿಳಿ ಎಂಬ ಅರ್ಥದ್ದು. ಅದರ ಮೊದಲಿಗೆ ಬರೆದೂ ಹೇಳದ ಒಂದು ‘ಕೆ’ ಇದೆಯಲ್ಲ, ಆ ‘ಕೆ’ಯೇ ಜ್ಞದ ಜಕಾರದ ಜಾಗದಲ್ಲಿ ಕೂತಿರುವುದು.

ಈ ಜಾಡಿನಲ್ಲಿ ನನಗೆ ಅತಿ ಇಷ್ಟದ ಪದ ಥೈಸಿಸ್. ಕೆಲವರು ಟೈಸಿಸ್ ಅನ್ನುತ್ತಾರೆ. ಬರೆಯುವುದು ಪಿ-ಎಚ್-ಟಿ-ಎಚ್ ಇಂದ ಶುರು. ಎರಡು ಮಹಾಪ್ರಾಣ ಒಟ್ಟಿಗೆ, ‘ಫ್ಥಿಸಿಸ್’. 1882ರಲ್ಲಿ ರಾಬರ್ಟ್ ಕಾಕ್ ಟಿಬಿಯ ರೋಗಾಣುವನ್ನು ತೋರಿಸುವುದಕ್ಕೆ ಮೊದಲು ಆ ಕಾಯಿಲೆಯನ್ನು ವೈದ್ಯರು ಹೀಗೆ ಕರೆಯುತ್ತಿದ್ದರು. ಅರ್ಥ: ಸವೆಯುವುದು, ಕರಗಿಹೋಗುವುದು. ಕನ್ನಡದಲ್ಲಿ ಟಿಬಿಗೆ ಏನನ್ನುತ್ತೇವೆ? ಕ್ಷಯ. ಅದರ ಅರ್ಥವೂ ಸವೆಯುವುದೇ. ಇಷ್ಟೇ ಆಗಿದ್ದರೆ ಅನುವಾದ ಅನ್ನಬಹುದಿತ್ತು. ಆದರೆ ಗ್ರೀಕಿನ ಆ ಫ್ಥಿ ಮತ್ತು ಸಂಸ್ಕೃತದ ಕ್ಷಿ ಒಂದೇ ಬೇರಿನವು. ಹಳೆಯ ಒಂದು ತೊಡಕು ಒತ್ತಕ್ಷರ ಅಲ್ಲಿ ಫ್ಥ ಆಯಿತು, ಇಲ್ಲಿ ಕ್ಷ ಆಯಿತು. ಎರಡೂ ಕಡೆ ವೈದ್ಯರು ಅದೇ ಕಾಯಿಲೆಗೆ ಅದೇ ಬೇರಿನ ಪದ ಹಚ್ಚಿದರು. ಇದು ಮೊದಲ ಸಲ ತಿಳಿದ ದಿನ ನಾನು ಊಟ ಬಿಟ್ಟು ನಿಘಂಟು ಹಿಡಿದು ಕೂತಿದ್ದೆ.

ಇನ್ನೊಂದು, ಝೈಗೋಟ್. ಕನ್ನಡದಲ್ಲಿ ಯುಗ್ಮಜ ಎಂದು ಓದಿದ್ದೀರಿ. ಗ್ರೀಕಿನ ‘ಝುಗಾನ್’ ಅಂದರೆ ನೊಗ. ಸಂಸ್ಕೃತದ ಯುಗ, ಯುಗ್ಮ, ಯೋಗ ಅದರ ನೆಂಟರು. ಯುಗಕ್ಕೂ ನೊಗ ಎಂಬ ಅರ್ಥ ಇದೆ. ಎರಡು ಕೋಶಗಳನ್ನು ಒಂದು ನೊಗಕ್ಕೆ ಕಟ್ಟಿದರೆ ಝೈಗೋಟ್. ಆಕಾಶದಲ್ಲಿ ಸೂರ್ಯ, ಭೂಮಿ, ಚಂದ್ರರನ್ನು ಒಂದೇ ಸಾಲಿಗೆ ಹೂಡಿದರೆ? ಅದಕ್ಕೆ ಸಿಝಿಜಿ ಎಂದು ಹೆಸರು. ಇಂಗ್ಲಿಷಿನಲ್ಲಿ ಬರೆದರೆ ಆರು ಅಕ್ಷರ, ಅದರಲ್ಲಿ ಮೂರು ‘ವೈ’. ನೋಡಿದರೆ ಅಚ್ಚಿನ ತಪ್ಪು ಅನ್ನಿಸುತ್ತದೆ. ತಿಂಗಳಿಗೆ ಎರಡು ಸಲ ಆಗುವ ಸಂಗತಿ ಇದು, ನಿಮ್ಮ ಮನೆಯ ಕ್ಯಾಲೆಂಡರಿನಲ್ಲೇ ಇದೆ: ಅಮಾವಾಸ್ಯೆ, ಹುಣ್ಣಿಮೆ. ಆ ದಿನಗಳ ಆಸುಪಾಸು ಕಡಲಿನ ಉಬ್ಬರ ಜಾಸ್ತಿ ಎಂಬುದು ಕರಾವಳಿಯ ಮೀನುಗಾರರಿಗೆ ಸಿಝಿಜಿ ಎಂಬ ಪದ ಇಲ್ಲದೆಯೂ ಗೊತ್ತು. ಅಮಾವಾಸ್ಯೆ ಎಂಬ ಪದವನ್ನೂ ಬಿಡಿಸಿ: ‘ಅಮಾ’ ಅಂದರೆ ಜೊತೆಗೆ, ‘ವಾಸ್ಯ’ ಅಂದರೆ ಇರುವುದು. ಸೂರ್ಯ-ಚಂದ್ರರು ಒಟ್ಟಿಗೆ ಇರುವ ದಿನ. ಹುಣ್ಣಿಮೆಗೆ ಎರಡು ಮೂರು ದಿನ ಮೊದಲಿನ ಉಬ್ಬಿದ ಚಂದ್ರನಿಗೆ ‘ಗಿಬ್ಬಸ್’ ಅನ್ನುತ್ತಾರೆ. ‘ಜಿಬ್ಬಸ್’ ಅಲ್ಲ. ಲ್ಯಾಟಿನ್‌ನಲ್ಲಿ ಗಿಬ್ಬಸ್ ಅಂದರೆ ಗೂನು. ಗೂನಿನ ಗ ನೆನಪಿಟ್ಟುಕೊಂಡರೆ ಜ ಬರುವುದಿಲ್ಲ.

ಈವರೆಗೆ ಹೇಳಿದ್ದರಲ್ಲಿ ಉಚ್ಚಾರ ತಪ್ಪಿದರೆ ಆಗುವ ನಷ್ಟ ಒಂದು ನಗು, ಅಷ್ಟೇ. ಒಂದು ಕಡೆ ಮಾತ್ರ ಹಾಗಲ್ಲ. ಹೈಪೊ ಮತ್ತು ಹೈಪರ್. ಹೈಪೊಗ್ಲೈಸೀಮಿಯಾ ಅಂದರೆ ರಕ್ತದಲ್ಲಿ ಸಕ್ಕರೆ ಕುಸಿದಿದೆ, ತಕ್ಷಣ ಸಿಹಿ ಕೊಡಬೇಕು. ಹೈಪರ್‌ಗ್ಲೈಸೀಮಿಯಾ ಅಂದರೆ ಸಕ್ಕರೆ ಏರಿದೆ, ಸಿಹಿ ಕೊಡಬಾರದು. ಫೋನಿನಲ್ಲಿ ಅವಸರದಲ್ಲಿ ಹೇಳಿದರೆ ಎರಡೂ ಒಂದೇ ಥರ ಕೇಳುತ್ತವೆ. ಇಲ್ಲೂ ನಿಮ್ಮ ಕೈಯಲ್ಲಿ ಕೀಲಿ ಇದೆ. ಹೈಪೊ ಸಂಸ್ಕೃತದ ‘ಉಪ’ದ ನೆಂಟ, ಹೈಪರ್ ‘ಉಪರಿ’ಯ ನೆಂಟ. ಉಪ ಅಂದರೆ ಕೆಳಗಿನದು, ಕಿರಿದು: ಉಪನದಿ, ಉಪಾಧ್ಯಕ್ಷ. ಉಪರಿ ಅಂದರೆ ಮೇಲೆ. ಮನೆಯ ಉಪ್ಪರಿಗೆ ನೆನಪಿಸಿಕೊಳ್ಳಿ. ರ ಇದ್ದರೆ ಮೇಲೆ, ರ ಇಲ್ಲದಿದ್ದರೆ ಕೆಳಗೆ. ಚರ್ಮದ ಅಡಿಗೆ 
ಚುಚ್ಚುವ ಸೂಜಿ ಹೈಪೊಡರ್ಮಿಕ್, ಬಿಪಿ ಏರಿದರೆ ಹೈಪರ್‌ಟೆನ್ಷನ್. ಆ ‘ರ್’ ಅನ್ನು ಸ್ವಲ್ಪ ಒತ್ತಿ ಹೇಳುವ ಅಭ್ಯಾಸ ಈಗಲೇ ಮಾಡಿಕೊಳ್ಳಿ. ನರ್ಸಿಂಗ್, ಮೆಡಿಕಲ್ ಕಡೆ ಹೋದರೆ ಕೆಲಸಕ್ಕೆ ಬರುತ್ತದೆ.

ಇದಕ್ಕೆ ಉಲ್ಟಾ ಕೂಡ ಇದೆ. ಸೊಂಟದ ಮೂಳೆಯೊಂದಕ್ಕೂ ಸಣ್ಣಕರುಳಿನ ಕೊನೆಯ ಭಾಗಕ್ಕೂ ಹೆಸರು ಇಲಿಯಂ. ಕಿವಿಗೆ ಎರಡೂ ಒಂದೇ. ಬರೆಯುವಾಗ ಮೂಳೆಗೆ ನಡುವೆ ‘ಐ’, ಕರುಳಿಗೆ ‘ಇ’. ಕಿವಿಯ ಮೇಲೆ ಪೂರ್ತಿ ಭಾರ ಹಾಕಬೇಡಿ ಎಂದು ಹೇಳುವುದು ಇದಕ್ಕೇ.

ಉಳಿದ ಕೆಲವು ಬೇಗ ಹೇಳಿಬಿಡುತ್ತೇನೆ. ಪದದ ಶುರುವಿನ ‘ಎಕ್ಸ್’ ಇಂಗ್ಲಿಷಿನಲ್ಲಿ ಝ: ಝೈಲೆಮ್, ಝೆನಾನ್. ನಮ್ಮ ಪುಸ್ತಕಗಳು ಕ್ಸೈಲಂ ಎಂದು ಬರೆಯುವುದು ಗ್ರೀಕಿಗೆ ಹತ್ತಿರ, ತಪ್ಪಲ್ಲ. ಇದನ್ನು ಮರೆತರೆ ಜೆರಾಕ್ಸ್ ಅಂಗಡಿಯ ಬೋರ್ಡು ನೋಡಿ. ಆ ಪದದಲ್ಲಿ ಎರಡು ‘ಎಕ್ಸ್’ ಇವೆ. ಮೊದಲನೆಯದು ‘ಜೆ’, ಕೊನೆಯದು ‘ಕ್ಸ್’. ‘ಝೀರೊ’ ಅಂದರೆ ಒಣ. ಒದ್ದೆ ಶಾಯಿ ಇಲ್ಲದೆ ಪ್ರತಿ ತೆಗೆಯುವುದರಿಂದ ಆ ಯಂತ್ರಕ್ಕೆ ಆ ಹೆಸರು. ಒಣ ನೆಲದ ಪಾಪಾಸುಕಳ್ಳಿಯಂಥ ಗಿಡ ಝೀರೊಫೈಟ್. ‘ಒಇ’, ‘ಎಇ’ ಜೋಡಿ ಬಂದರೆ ಹೆಚ್ಚಾಗಿ ಈ: ಈಸಾಫಗಸ್, ಸೀಕಂ, ನನ್ನ ಸೀಲೋಮ್. ಅಮೆರಿಕದವರು ಎಷ್ಟೋ ಪದಗಳಲ್ಲಿ ಬರೆಯುವಾಗಲೂ ಒಂದು ಅಕ್ಷರ ಕಿತ್ತು ಹಾಕಿ ಬರಿ ‘ಇ’ ಇಟ್ಟುಕೊಳ್ಳುತ್ತಾರೆ. ಬಾಯಿ ತಿರುಗದಿದ್ದರೆ ಅಮೆರಿಕದ ಸ್ಪೆಲಿಂಗ್ ಹುಡುಕಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಪಾಚಿಗೆ ಆಲ್ಜೀ ಅನ್ನಬೇಕೋ ಆಲ್ಗೀ ಅನ್ನಬೇಕೋ ಎಂದು ಮೇಷ್ಟ್ರುಗಳೇ ಜಗಳ ಆಡುತ್ತಾರೆ. ಎರಡೂ ನಿಘಂಟಿನಲ್ಲಿವೆ. ಫಂಗೈ, ಫಂಜೈ, ಫಂಜೀ ಮೂರೂ ಇವೆ. ಯಾರಾದರೂ ಇವುಗಳಲ್ಲಿ ಒಂದನ್ನು ಹಿಡಿದು ನಿಮ್ಮನ್ನು ತಿದ್ದಿದರೆ ತಲೆಯಾಡಿಸಿ ಸುಮ್ಮನಿರಿ. ಬೇಕಾದರೆ ‘ಶಿಲೀಂಧ್ರ’ವನ್ನು ಬೇಗ ಬೇಗ ಐದು ಸಲ ಹೇಳಿ ಎಂದು ಅವರಿಗೆ ಸವಾಲು ಹಾಕಬಹುದು.

ಒಂದು ವಿಷಯದಲ್ಲಿ ಕನ್ನಡದ ಬಾಯಿಗೆ ನಿಜವಾಗಿ ಅಭ್ಯಾಸ ಬೇಕು, ಅದು ಒತ್ತು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಸಮನಾಗಿ ಮಣೆ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಜೋರು, ಉಳಿದವು ಮೆತ್ತಗೆ. ಆ ಜಾಗ ಬದಲಾದರೆ ಸ್ವರವೂ ಬದಲಾಗುತ್ತದೆ: ಫೋಟೊಗ್ರಾಫ್, ಆದರೆ ಫೊಟಾಗ್ರಫಿ. ಲಜಿ, ಗ್ರಫಿ, ಮಿಟರ್ ಎಂಬ ಬಾಲ ಇದ್ದರೆ ಸಾಮಾನ್ಯವಾಗಿ ಬಾಲದ ಹಿಂದಿನ ಸ್ವರಕ್ಕೆ ಒತ್ತು ಕೊಡಿ: ಬಯಾಲಜಿ, ಥರ್ಮಾಮಿಟರ್. ಇಷ್ಟು ಸಾಕು. ಬಿಬಿಸಿಯ ಥರ ಮಾತಾಡುವ ಅಗತ್ಯ ಇಲ್ಲ.

ಮನುಷ್ಯರ ಹೆಸರುಗಳಿಗೆ ಈ ಗ್ರೀಕ್ ಲೆಕ್ಕ ಯಾವುದೂ ನಡೆಯುವುದಿಲ್ಲ. ಅವರ ಮಾತೃಭಾಷೆ ಯಾವುದು ಎಂದು ನೋಡಬೇಕು. ನಿಮ್ಮ ಪುಸ್ತಕದ ‘ಡಿ ಬ್ರೋಗ್ಲಿ’ ಫ್ರಾನ್ಸಿನವರು. ಅದು ‘ಡ ಬ್ರಾಯ್’. ಯೂಕ್ಲಿಡ್‌ನ ಯೂ ನೋಡಿ ಗಣಿತಜ್ಞ ಆಯ್ಲರ್‌ನನ್ನು ‘ಯೂಲರ್’ ಮಾಡುತ್ತೇವೆ. ಆತ ಜರ್ಮನ್ ಮಾತಾಡುವ ಸ್ವಿಸ್ ಊರು ಬಾಸೆಲ್‌ನವನು. ಜರ್ಮನ್‌ನಲ್ಲಿ ‘ಇಯು’ ಅಂದರೆ ಆಯ್. ಹಾಗಂತ ನಾವೇ ತಪ್ಪಿತಸ್ಥರೇನಲ್ಲ. ಸತ್ಯೇಂದ್ರನಾಥ ಬೋಸ್ ಹೆಸರಿನಿಂದ ಬಂದ ಬೋಸಾನ್ ಎಂಬ ಕಣದ ಹೆಸರನ್ನು ಇಂಗ್ಲಿಷಿನವರು ಎಷ್ಟೋ ಸಲ ‘ಬೋಝಾನ್’ ಅನ್ನುತ್ತಾರೆ. ಬಂಗಾಳಿಯಲ್ಲಿ ಆ ಮನೆತನ ‘ಬೋಶು’.

ನಕ್ಷತ್ರಗಳಲ್ಲಂತೂ ಓದಿನ ತಪ್ಪೇ ಹೆಸರಾಗಿ ನಿಂತದ್ದಿದೆ. ಮಳೆಗಾಲದ ಆರಿದ್ರಾ ಮಳೆ ಗೊತ್ತಲ್ಲ, ಆ ಆರಿದ್ರಾ ನಕ್ಷತ್ರಕ್ಕೆ ಇಂಗ್ಲಿಷ್ ಹೆಸರು ಬೀಟಲ್‌ಜೂಸ್. ಅರಬ್ಬಿಯಲ್ಲಿ ಅದು ‘ಯದ್ ಅಲ್ ಜೌಝಾ’, ಜೌಝಾಳ (ಒರಾಯನ್ ನಕ್ಷತ್ರಪುಂಜದ ಅರಬ್ಬಿ ಹೆಸರು) ಕೈ. ಅರಬ್ಬಿ ಲಿಪಿಯಲ್ಲಿ ಪದದ ಶುರುವಿನ ಯ ಮತ್ತು ಬ ಒಂದೇ ಆಕಾರ. ಕೆಳಗೆ ಎರಡು ಚುಕ್ಕಿ ಇದ್ದರೆ ಯ, ಒಂದಿದ್ದರೆ ಬ. ಹಿಂದೆ ಯಾರೋ ಲ್ಯಾಟಿನ್‌ಗೆ ತರುವಾಗ ಒಂದು ಚುಕ್ಕಿ ತಪ್ಪಿಸಿಕೊಂಡರು. ಇವತ್ತು ಇಂಗ್ಲಿಷಿನ ಖಗೋಳ ಪುಸ್ತಕಗಳಲ್ಲೆಲ್ಲ ಅದು ‘ಬ’ ಇಂದಲೇ ಶುರು.

ಕೊನೆಗೆ ನಿಮ್ಮ ಬಾಟಲಿ. ಹೆಸರನ್ನು ಮೂರು ತುಂಡು ಮಾಡಿ: ಫೀನಾಲ್, ಥಲ್, ಈನ್. ಮೊದಲ ತುಂಡು ನಿಮಗೆ ಗೊತ್ತಿರುವ ಫೀನಾಲ್. ನಡುವಿನದೇ ಕಾಟ ಕೊಡುವುದು, ಮತ್ತೆ ಪಿ-ಎಚ್-ಟಿ-ಎಚ್. ಅದು ಗ್ರೀಕ್ ಪದವೂ ಅಲ್ಲ, ಒಂದು ಪದದ ಮುಂಡ. ಬಟ್ಟೆ ಪೆಟ್ಟಿಗೆಯಲ್ಲಿ ಹಾಕುವ ನುಸಿಗುಳಿಗೆ ಇದೆಯಲ್ಲ, ನ್ಯಾಫ್ತಲೀನ್, ಅದರಿಂದ 1836ರಲ್ಲಿ ಲೊರಾಂ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ ಒಂದು ಆಮ್ಲ ತೆಗೆದ. ಆಮೇಲೆ ನ್ಯಾಫ್ತಲೀನ್‌ನ ತಲೆ, ಅಂದರೆ ‘ನ್ಯಾ’, ಕತ್ತರಿಸಿ ಆ ಆಮ್ಲವನ್ನು ಥ್ಯಾಲಿಕ್ ಅಂದರು. 1871ರಲ್ಲಿ ಅಡೋಲ್ಫ್ ಫಾನ್ ಬೇಯರ್ ಫೀನಾಲನ್ನೂ ಥ್ಯಾಲಿಕ್ ಅನ್‌ಹೈಡ್ರೈಡನ್ನೂ ಸೇರಿಸಿದಾಗ ಈ ಇಂಡಿಕೇಟರ್ ಬಂತು. ಹೆಸರಿನಲ್ಲೇ ಅದನ್ನು ತಯಾರಿಸುವ ವಿಧಾನ ಇದೆ.

‘ಫೀನಾಲ್‌ಥಲೀನ್’ ಅನ್ನಿ. ನಡುವೆ ಒಂದು ಫ್ ಸೇರಿಸಿ ‘ಫೀನಾಲ್‌ಫ್ಥಲೀನ್’ ಅಂದರೂ ಸರಿಯೇ. ಮನೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬೆರೆಸಿದಾಗ ಕೆಂಪಾಗುವುದನ್ನು ನೋಡಿದ್ದೀರಲ್ಲ, ಅದೇ ಥರದ ಕೆಲಸ ಇದರದು. ನಾಳೆ ಲ್ಯಾಬಿನಲ್ಲಿ ಹೆಸರು ಹೇಳಿಯೇ ಬಾಟಲಿ ಕೇಳಿ. ಎರಡು ಹನಿ ಸಾಕು. ಗುಲಾಬಿ ಬಣ್ಣ ಇಣುಕಿ ಅಲ್ಲಾಡಿಸಿದರೂ ಮಾಯವಾಗದೆ ನಿಂತ ಕೂಡಲೇ ಬ್ಯುರೆಟ್ ಮುಚ್ಚಿ.